ಒಂದು ನ್ಯಾನೋಮೀಟರ್ ತುಕ್ಕು

ಸೂಕ್ಷ್ಮದರ್ಶಕದಡಿ ಇಡುವಂಥ ಒಂದು ಗಾಜಿನ ಪಟ್ಟಿ ತೆಗೆದುಕೊಳ್ಳಿ. ನಿರ್ವಾತದಲ್ಲಿ ಅದರ ಮೇಲೆ ಅಲ್ಯೂಮಿನಿಯಮ್ಮಿನ ತೆಳುಗೆರೆಯೊಂದನ್ನು ಹಾಯಿಸಿ. ಹೊರಗೆ ತೆಗೆದು ಸ್ವಲ್ಪ ಹೊತ್ತು ಗಾಳಿಗೆ ಒಡ್ಡಿ. ಮತ್ತೆ ಒಳಗಿಟ್ಟು ಮೊದಲ ಗೆರೆಗೆ ಅಡ್ಡಲಾಗಿ ಸೀಸದ ಗೆರೆ ಹಾಯಿಸಿ. ಎರಡು ಗೆರೆಗಳು ಒಂದನ್ನೊಂದು ದಾಟುವ ಚುಕ್ಕೆಯಲ್ಲಿ, ಲೋಹ ಲೋಹಗಳ ನಡುವೆ, ಅಲ್ಯೂಮಿನಿಯಮ್ಮಿಗೆ ಹಿಡಿದ ತುಕ್ಕಿನ ಪದರ ಸಿಕ್ಕಿಕೊಂಡಿರುತ್ತದೆ. ಅದರ ದಪ್ಪ ಒಂದೆರಡು ನ್ಯಾನೋಮೀಟರ್. ಹತ್ತು ಪರಮಾಣುಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದಕ್ಕಿಂತ ಎತ್ತರವಾದೀತು.

1960ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಐವರ್ ಗಿಯೇವರ್ ಮಾಡಿದ್ದು ಹೆಚ್ಚುಕಡಿಮೆ ಇಷ್ಟೇ. ನಾರ್ವೆಯಿಂದ ವಲಸೆ ಬಂದ ಮೆಕ್ಯಾನಿಕಲ್ ಎಂಜಿನಿಯರ್ ಅವರು. ಭೌತಶಾಸ್ತ್ರವನ್ನು ಕೆಲಸದ ಜೊತೆಜೊತೆಗೇ ಕಲಿಯುತ್ತಿದ್ದರು. ತೀರಾ ತಣ್ಣಗಾದಾಗ ರೋಧವೇ ಇಲ್ಲದೆ ಕರೆಂಟು ಹರಿಸುವ ಅತಿವಾಹಕದೊಳಗೆ ಎಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡಿರುತ್ತವೆ, ಆ ಜೋಡಿ ಬಿಡಿಸಲು ಇಂತಿಷ್ಟು ಶಕ್ತಿ ಬೇಕು ಎಂದು ಸಿದ್ಧಾಂತ ಆಗತಾನೇ ಹೇಳಿತ್ತು. ಗಿಯೇವರ್ ತಮ್ಮ ಗಾಜಿನ ಪಟ್ಟಿಯನ್ನು ದ್ರವ ಹೀಲಿಯಮ್ಮಿನಲ್ಲಿ ತಣ್ಣಗಾಗಿಸಿ, ಸೀಸ ಅತಿವಾಹಕವಾದ ಮೇಲೆ ಚುಕ್ಕೆಯ ಮೂಲಕ ಎಷ್ಟು ಕರೆಂಟು ಹರಿಯುತ್ತದೆಂದು ಅಳೆದರು. ವೋಲ್ಟೇಜು ಒಂದು ಮಟ್ಟ ಮುಟ್ಟುವ ತನಕ ಕರೆಂಟು ಏಳಲು ತಕರಾರು ಮಾಡಿತು; ಮುಟ್ಟಿದ ಮೇಲೆ ಎದ್ದಿತು. ಆ ಮಟ್ಟವೇ ಜೋಡಿ ಬಿಡಿಸುವ ಶಕ್ತಿಯ ಅಳತೆ. 1973ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು.

ನಾನು ವಿಜ್ಞಾನಿಯಲ್ಲ. ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ತೆಳುಪದರ ಪ್ರಯೋಗಾಲಯಕ್ಕೆ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ಸೇರಿದವಳು, ನಿವೃತ್ತಿಯವರೆಗೂ ಬೆಲ್ ಜಾರು, ಡಿಫ್ಯೂಷನ್ ಪಂಪು, ಟಂಗ್‌ಸ್ಟನ್ ಬೋಟುಗಳ ಜೊತೆಗೇ ಇದ್ದೆ. ವಿದ್ಯಾರ್ಥಿಗಳು ಬರೆದ ಪ್ರಬಂಧಗಳ ಕೊನೆಯ ಪುಟದಲ್ಲಿ, ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರು ಸಿಗಬಹುದು. ಆ ಪ್ರಬಂಧಗಳ ಮೊದಲ ಪುಟದಲ್ಲಿ ಯಾವಾಗಲೂ ಒಂದು ಚಿತ್ರ ಇರುತ್ತಿತ್ತು: ಕೆಳಗೊಂದು ಲೋಹ, ಮೇಲೊಂದು ಲೋಹ, ನಡುವೆ ಆಕ್ಸೈಡು. ಗಡಿಗಳನ್ನು ಸ್ಕೇಲು ಹಿಡಿದು ಎಳೆದಿರುತ್ತಿದ್ದರು. ನಾನು ಮಾಡಿದ ಯಾವ ಪದರಕ್ಕೂ ಅಂಥ ಗಡಿ ಇರಲಿಲ್ಲ. ನನ್ನದು ಬಿಡಿ, ಜಗತ್ತಿನ ಒಳ್ಳೊಳ್ಳೆ ಪ್ರಯೋಗಾಲಯಗಳ ಪದರಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಅಡ್ಡಕ್ಕೆ ಕೊಯ್ದು ನೋಡಿದರೂ ಆಕ್ಸೈಡು ಒಂದು ಕಡೆ ಉಬ್ಬಿರುತ್ತದೆ, ಒಂದು ಕಡೆ ಬಡಕಲಾಗಿರುತ್ತದೆ. ಎಲ್ಲೋ ಆಮ್ಲಜನಕ ಹೆಚ್ಚು, ಎಲ್ಲೋ ಕಡಿಮೆ. ಸ್ಕೇಲಿನ ಗೆರೆಗೂ ಈ ಡೊಂಕಿಗೂ ನಡುವಿನ ವ್ಯತ್ಯಾಸವೇ ನನ್ನ ವೃತ್ತಿಯಾಗಿತ್ತು ಎನ್ನಬಹುದು.

ಈ ಆಕ್ಸೈಡು ವಿದ್ಯುತ್ತನ್ನು ಬಿಡದ ವಸ್ತು. ಹಾಗಿದ್ದೂ ಎಲೆಕ್ಟ್ರಾನು ಅದನ್ನು ದಾಟುತ್ತದೆ, ಏಕೆಂದರೆ ಅಷ್ಟು ಸಣ್ಣ ಲೋಕದಲ್ಲಿ ಎಲೆಕ್ಟ್ರಾನು ಅಲೆಯೂ ಹೌದು. ಗೋಡೆಯೊಳಗೆ ಅಲೆ ಥಟ್ಟನೆ ಸಾಯುವುದಿಲ್ಲ, ಕ್ಷೀಣಿಸುತ್ತಾ ಹೋಗುತ್ತದೆ. ಗೋಡೆ ಸಾಕಷ್ಟು ತೆಳುವಾಗಿದ್ದರೆ ಆಚೆ ಬದಿಯಲ್ಲಿ ಒಂದಿಷ್ಟು ಉಳಿದಿರುತ್ತದೆ. ಇದಕ್ಕೆ ಟನೆಲಿಂಗ್ ಎನ್ನುತ್ತಾರೆ, ಇಂಥ ಜೋಡಣೆಗೆ ಟನೆಲ್ ಜಂಕ್ಷನ್. ತೊಡಕೇನೆಂದರೆ ಆ ಕ್ಷೀಣಿಸುವಿಕೆಯ ಲೆಕ್ಕ ತೀರಾ ಕಡಿದು. ಆಕ್ಸೈಡು ಇನ್ನೊಂದು ಪರಮಾಣುವಿನಷ್ಟು ಹೆಚ್ಚು ದಪ್ಪಗಾದರೆ ದಾಟುವ ಕರೆಂಟು ಸುಮಾರು ಹತ್ತು ಪಟ್ಟು ಇಳಿದುಬಿಡಬಹುದು.

ಗದ್ದೆಯ ಬದು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬದುವಿನ ಸರಾಸರಿ ಎತ್ತರ ಎಷ್ಟಾದರೂ ಇರಲಿ, ನೀರು ಹೊರಳುವುದು ಅದು ತಗ್ಗಾದ ಕಡೆಯಲ್ಲೇ. ನಮ್ಮ ನಿರ್ವಾತ ಪಾತ್ರೆಯೊಳಗಿನ ಕ್ವಾರ್ಟ್ಜ್ ಮಾನಿಟರು ದಪ್ಪವನ್ನು ದಶಾಂಶ ಬಿಂದುವಿನ ಸಮೇತ ತೋರಿಸುತ್ತಿತ್ತು, ಹೊಸ ವಿದ್ಯಾರ್ಥಿಗಳು ಅದನ್ನು ಭಕ್ತಿಯಿಂದ ಬರೆದುಕೊಳ್ಳುತ್ತಿದ್ದರು. ಅದು ಹೇಳುವುದು ಸರಾಸರಿಯನ್ನು. ಎಲೆಕ್ಟ್ರಾನು ಸರಾಸರಿಯನ್ನು ವಿಚಾರಿಸುವುದಿಲ್ಲ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು 2015ರಲ್ಲಿ ಅಲ್ಯೂಮಿನಿಯಂ ಜಂಕ್ಷನ್ನುಗಳ ಆಕ್ಸೈಡನ್ನು ಸ್ಥಳಸ್ಥಳಕ್ಕೆ ಅಳೆದು ಲೆಕ್ಕ ಹಾಕಿದರು. ಕರೆಂಟಿನ ಬಹುಪಾಲು ಹರಿಯುವುದು ಜಂಕ್ಷನ್ನಿನ ವಿಸ್ತೀರ್ಣದ ನೂರಕ್ಕೆ ಹತ್ತಕ್ಕಿಂತ ಕಡಿಮೆ ಭಾಗದಲ್ಲಿ. ಉಳಿದ ತೊಂಬತ್ತಕ್ಕೂ ಮಿಕ್ಕಿದ ಭಾಗ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ.

ಬದು ಪೂರ್ತಿ ಒಡೆದೇ ಹೋಗುವುದೂ ಉಂಟು. ಎರಡು ಲೋಹಗಳು ಎಲ್ಲೋ ಒಂದು ಕಡೆ ನೇರ ಮುಟ್ಟಿಕೊಳ್ಳುತ್ತವೆ. "ಮೇಡಂ, ಮತ್ತೆ ಶಾರ್ಟು" ಎಂಬ ಮಾತನ್ನು ಕೇಳಿಸಿಕೊಂಡು ಕೇಳಿಸಿಕೊಂಡು, ಹುಡುಗರು ಬಾಗಿಲಲ್ಲಿ ನಿಂತ ಭಂಗಿಯಿಂದಲೇ ನನಗೆ ಗೊತ್ತಾಗಿಬಿಡುತ್ತಿತ್ತು. ಪೂರ್ತಿ ಶಾರ್ಟಾದರೆ ಪರವಾಗಿಲ್ಲ, ಎಸೆದು ಬೇರೆ ಮಾಡಬಹುದು. ಕೆಟ್ಟದ್ದು ಅರೆಬರೆ ಶಾರ್ಟು. ಕೋಣೆಯ ಉಷ್ಣತೆಯಲ್ಲಿ ಅಳೆದರೆ ಒಳ್ಳೆಯ ಜಂಕ್ಷನ್ನಿನ ಹಾಗೇ ನಟಿಸುತ್ತದೆ. ಅದನ್ನು ಹಿಡಿಯಲು ಬೆಲ್ ಲ್ಯಾಬ್ಸಿನ ಜಾನ್ ರೋವೆಲ್ ಅವರ ಹೆಸರಲ್ಲಿ ಕರೆಯುವ ಪರೀಕ್ಷೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ನಂಬಿಕಸ್ಥವಾದದ್ದು ಗಿಯೇವರ್ ನೋಡಿದ್ದೇ: ಒಂದು ಲೋಹವನ್ನು ಅತಿವಾಹಕವಾಗಿಸಿ, ಕರೆಂಟು ಆ ಮಟ್ಟದಲ್ಲಿ ತಕರಾರು ಮಾಡುತ್ತದೆಯೇ ನೋಡಿ. ಮಾಡಿದರೆ ಟನೆಲಿಂಗ್, ಸರಾಗ ಹರಿದರೆ ಎಲ್ಲೋ ತೂತಿದೆ.

ಇಷ್ಟೆಲ್ಲ ಡೊಂಕಿದ್ದೂ ಅತಿವಾಹಕಗಳ ಜಂಕ್ಷನ್ನು ದಶಕಗಟ್ಟಲೆ ಚೆನ್ನಾಗಿಯೇ ನಡೆಯಿತು. 1962ರಲ್ಲಿ ಕೇಂಬ್ರಿಜ್‌ನ ಬ್ರಿಯಾನ್ ಜೋಸೆಫ್ಸನ್, ಇಪ್ಪತ್ತೆರಡರ ವಯಸ್ಸಿನ ವಿದ್ಯಾರ್ಥಿ, ಬಿಡಿ ಎಲೆಕ್ಟ್ರಾನುಗಳಷ್ಟೇ ಅಲ್ಲ, ಜೋಡಿಗಳೂ ಆಕ್ಸೈಡನ್ನು ದಾಟುತ್ತವೆ, ವೋಲ್ಟೇಜೇ ಇಲ್ಲದೆ ಕರೆಂಟು ಹರಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಅತಿವಾಹಕತೆಯ ಸಿದ್ಧಾಂತ ಕಟ್ಟಿದವರಲ್ಲೊಬ್ಬರಾದ ಜಾನ್ ಬಾರ್ಡೀನ್ ಅವರೇ ಇದನ್ನು ಒಪ್ಪಲಿಲ್ಲ. ಮರುವರ್ಷ ಫಿಲಿಪ್ ಆ್ಯಂಡರ್ಸನ್ ಮತ್ತು ರೋವೆಲ್ ಪ್ರಯೋಗ ಮಾಡಿ ಹುಡುಗನ ಲೆಕ್ಕ ಸರಿಯೆಂದರು. ಅದೇ 1963ರಲ್ಲಿ ಭಾರತ ಮೂಲದ ವಿನಯ್ ಅಂಬೇಗಾಂವ್ಕರ್ ಮತ್ತು ಬರಾಟೊಫ್ ಒಂದು ಸರಳ ಸೂತ್ರ ಕೊಟ್ಟರು: ಜಂಕ್ಷನ್ನು ಸಾಧಾರಣ ಸ್ಥಿತಿಯಲ್ಲಿದ್ದಾಗ ಅದರ ರೋಧವನ್ನು ಅಳೆಯಿರಿ, ಅತಿವಾಹಕವಾದಾಗ ಅದು ಎಷ್ಟು ಜೋಡಿ-ಕರೆಂಟು ಹೊರಬಲ್ಲದು ಎಂದು ಅದರಿಂದಲೇ ಹೇಳಬಹುದು. ಆಕ್ಸೈಡು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬ ವಿವರ ಸೂತ್ರದಲ್ಲಿ ಇಲ್ಲ. ಒಟ್ಟು ರೋಧ ಸಾಕು.

ಈ ಔದಾರ್ಯಕ್ಕೆ ಕಾರಣವನ್ನು ಆ್ಯಂಡರ್ಸನ್ 1959ರಲ್ಲೇ ವಿವರಿಸಿದ್ದರು. ಸೀಸ, ಅಲ್ಯೂಮಿನಿಯಂ, ನಿಯೋಬಿಯಂಗಳಂಥ ಹಳೇ ಅತಿವಾಹಕಗಳಲ್ಲಿ ಜೋಡಿ ಕಟ್ಟುವ ಎಲೆಕ್ಟ್ರಾನುಗಳಿಗೆ ದಿಕ್ಕಿನ ಹಟವಿಲ್ಲ. ಕಸ ಕಡ್ಡಿಗೆ ಬಡಿದು ದಾರಿ ಬದಲಾದರೂ ಹೊಸ ದಾರಿಯಲ್ಲೇ ಜೋಡಿಯಾಗುತ್ತವೆ. ಕಸ ಕಾಂತೀಯವಾಗಿದ್ದರೆ ಮಾತ್ರ ಜೋಡಿ ಮುರಿಯುತ್ತದೆ. ಇದಲ್ಲದೆ ಆ ಜೋಡಿಗಳ ಹರವು ದೊಡ್ಡದು. ಅಲ್ಯೂಮಿನಿಯಮ್ಮಿನಲ್ಲಂತೂ ಗಡಿಯ ಒಂದೆರಡು ಪರಮಾಣುಗಳ ಏರುಪೇರು ಅವುಗಳ ಗಮನಕ್ಕೇ ಬರುವುದಿಲ್ಲ.

ಹಾಗಂತ ಎಲ್ಲವೂ ಸಲೀಸಾಗಿರಲಿಲ್ಲ. ಜೋಡಿಗಳು ದಾಟುವ ಇಂಥ ಜೋಸೆಫ್ಸನ್ ಜಂಕ್ಷನ್ನುಗಳಿಂದ ಅತಿವೇಗದ ಕಂಪ್ಯೂಟರು ಕಟ್ಟುತ್ತೇವೆಂದು ಹೊರಟ ಐಬಿಎಂ ಮೊದಲು ನೆಚ್ಚಿದ್ದು ಸೀಸದ ಮಿಶ್ರಲೋಹಗಳನ್ನು. ತಣ್ಣಗೆ ಮಾಡಿ ಬೆಚ್ಚಗೆ ಮಾಡಿ ಆಡಿಸಿದಷ್ಟೂ ಸೀಸ ಹಿಗ್ಗಿ ಕುಗ್ಗಿ ಆಕ್ಸೈಡನ್ನು ಹರಿಯುತ್ತಿತ್ತು. 1983ರಲ್ಲಿ ಐಬಿಎಂ ಆ ಯೋಜನೆಯನ್ನೇ ಕೈಬಿಟ್ಟಿತು. ಅದೇ ವರ್ಷ ಬೆಲ್ ಲ್ಯಾಬ್ಸಿನ ಗುರ್ವಿಚ್ ಮತ್ತು ಸಂಗಡಿಗರು ಒಳ್ಳೆಯ ಉಪಾಯ ಪ್ರಕಟಿಸಿದರು. ನಿಯೋಬಿಯಂ ಗಟ್ಟಿ ಲೋಹ, ಅದಕ್ಕೆ ಹಿಗ್ಗು ಕುಗ್ಗಿನ ಗೋಳಿಲ್ಲ. ಆದರೆ ಅದರ ಸ್ವಂತ ಆಕ್ಸೈಡು ಕೆಲಸಕ್ಕೆ ಬಾರದು. ಆದ್ದರಿಂದ ನಿಯೋಬಿಯಂ ಮೇಲೆ ತೆಳುವಾಗಿ ಅಲ್ಯೂಮಿನಿಯಂ ಹಾಕಿ, ಅದನ್ನು ಆಕ್ಸಿಡೀಕರಿಸಿ, ಮೇಲೆ ಮತ್ತೆ ನಿಯೋಬಿಯಂ. ಅಲ್ಯೂಮಿನಿಯಂ ಹೊಂಡಗಳನ್ನು ತುಂಬಿಕೊಂಡು ಸಮನಾಗಿ ಹರಡುತ್ತದೆ. ಇವತ್ತು ದೇಶದೇಶಗಳ ಅಳತೆ ಸಂಸ್ಥೆಗಳು ಒಂದು ವೋಲ್ಟ್ ಎಂದರೆ ಎಷ್ಟು ಎಂದು ನಿಶ್ಚಯಿಸುವುದು ಸಾವಿರಾರು ಜೋಸೆಫ್ಸನ್ ಜಂಕ್ಷನ್ನುಗಳನ್ನು ಸಾಲಾಗಿ ಪೋಣಿಸಿ. ಅವುಗಳಲ್ಲಿ ಬಹಳಷ್ಟು ಇದೇ ನಿಯೋಬಿಯಂ–ಅಲ್ಯೂಮಿನಿಯಂ ಬಗೆಯವು.

ಈಗ ಎರಡೂ ಲೋಹಗಳನ್ನು ಕಾಂತೀಯ ಮಾಡಿ ನೋಡೋಣ. ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಕೋಬಾಲ್ಟ್. ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಗುಣವಿದೆ, ಮೇಲ್ಮುಖ ಅಥವಾ ಕೆಳಮುಖ. ಕಾಂತದೊಳಗೆ ಒಂದು ಬಗೆಯವು ಹೆಚ್ಚು. ಎರಡೂ ಕಡೆಯ ಕಾಂತತೆ ಒಂದೇ ದಿಕ್ಕಿಗಿದ್ದರೆ ಆಕ್ಸೈಡು ದಾಟಿ ಬಂದ ಸ್ಪಿನ್ನಿಗೆ ಆಚೆ ಜಾಗ ಸಿಗುತ್ತದೆ, ರೋಧ ಕಡಿಮೆ. ಎದುರುಬದುರಾಗಿದ್ದರೆ ಜಾಗದ ಅಭಾವ, ರೋಧ ಹೆಚ್ಚು. ರೋಧ ಕಡಿಮೆಯಾದರೆ 0, ಹೆಚ್ಚಾದರೆ 1 ಎಂದುಕೊಂಡರೆ ಕರೆಂಟು ಹೋದರೂ ಮರೆಯದ ಮೆಮೊರಿ ಸಿದ್ಧ. ಫ್ರಾನ್ಸಿನ ಮಿಶೆಲ್ ಜುಲಿಯೇರ್ 1975ರಲ್ಲಿ ಇದನ್ನು ಮಾಡಿ, 4.2 ಕೆಲ್ವಿನ್ ಚಳಿಯಲ್ಲಿ ರೋಧ 14 ಪ್ರತಿಶತ ಬದಲಾಗುವುದನ್ನು ಕಂಡರು. ಅದಾದ ಮೇಲೆ ಇಪ್ಪತ್ತು ವರ್ಷ ಹೆಚ್ಚೇನೂ ನಡೆಯಲಿಲ್ಲ. ಕೈಗೆತ್ತಿಕೊಂಡವರಿಗೆ ಕೋಣೆಯ ಉಷ್ಣತೆಯಲ್ಲಿ ಹೇಳಿಕೊಳ್ಳುವಂಥದ್ದು ಸಿಗುತ್ತಿರಲಿಲ್ಲ. ಭೌತಶಾಸ್ತ್ರ ಸರಿಯಾಗಿಯೇ ಇತ್ತು, ಗಡಿ ಸರಿಯಿರಲಿಲ್ಲ.

ಆ ಗಡಿಯನ್ನು ಸರಿಮಾಡಿದವರಲ್ಲಿ ಒಬ್ಬರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮದ್ರಾಸಿನ ಐಐಟಿಯಲ್ಲಿ ಪಿಎಚ್.ಡಿ. ಮಾಡಿದ ಜಗದೀಶ್ ಮೂಡೇರ. ಅವರು ಹೋಗಿ ಸೇರಿದ ಎಂಐಟಿಯ ಕಾಂತ ಪ್ರಯೋಗಾಲಯದಲ್ಲಿ ಮೆಸರ್ವಿ ಮತ್ತು ಟೆಡ್ರೋ ಎಂಬ ಇಬ್ಬರು 1970ರ ದಶಕದ ಆರಂಭದಿಂದಲೂ ಒಂದು ವಿಶೇಷ ಅಳತೆ ನಡೆಸಿಕೊಂಡು ಬಂದಿದ್ದರು: ಒಂದು ಕಡೆ ಅತಿವಾಹಕ ಅಲ್ಯೂಮಿನಿಯಂ, ಇನ್ನೊಂದು ಕಡೆ ಕಾಂತ; ಅತಿವಾಹಕವನ್ನೇ ಸ್ಪಿನ್ ಎಣಿಸುವ ಮೀಟರಾಗಿ ಬಳಸುವುದು. ನನ್ನ ಮಟ್ಟಿಗೆ ಅತಿವಾಹಕದ ಕಥೆ, ಕಾಂತದ ಕಥೆ ಎರಡೂ ಕೂಡುವ ಜಾಗ ಅದು. ವರ್ಷಗಟ್ಟಲೆ ಇಂಥ ಆಕ್ಸೈಡುಗಳನ್ನು ಮಾಡಿ ಕೈ ಪಳಗಿದ್ದ ಆ ಗುಂಪು 1995ರಲ್ಲಿ ಕೋಬಾಲ್ಟ್-ಕಬ್ಬಿಣ ಮತ್ತು ಕೋಬಾಲ್ಟ್ ನಡುವೆ ಅಲ್ಯೂಮಿನಿಯಂ ಆಕ್ಸೈಡ್ ಇಟ್ಟು, ಕೋಣೆಯ ಉಷ್ಣತೆಯಲ್ಲೇ 11.8 ಪ್ರತಿಶತ ಬದಲಾವಣೆ ತೋರಿಸಿತು. ಜಪಾನಿನ ಸೆಂಡೈಯಲ್ಲಿ ಮಿಯಾಝಾಕಿ ಅವರ ಗುಂಪು ಅದೇ ವರ್ಷ 18 ಪ್ರತಿಶತ ಪಡೆಯಿತು. 2009ರ ಬಕ್ಲಿ ಬಹುಮಾನ ಮೂಡೇರ, ಮೆಸರ್ವಿ, ಟೆಡ್ರೋ, ಮಿಯಾಝಾಕಿ ನಾಲ್ವರಿಗೂ ಹಂಚಿಕೆಯಾಯಿತು.

ಸಂಖ್ಯೆ ಸಣ್ಣದೆನಿಸಬಹುದು. ಅದರ ಹಿಂದಿನ ಕೈಕೆಲಸ ಸಣ್ಣದಲ್ಲ. ಗಾಜನ್ನು ದ್ರವ ಸಾರಜನಕದಿಂದ ತಣ್ಣಗಿಟ್ಟು ಲೋಹ ಹಾಕಿದರೆ ಪರಮಾಣುಗಳು ಬಿದ್ದಲ್ಲೇ ಕೂರುತ್ತವೆ, ಗುಡ್ಡೆಯಾಗುವುದಿಲ್ಲ, ಮೈ ನುಣುಪಾಗುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಹಾಕಿ, ಆಮ್ಲಜನಕದಲ್ಲಿ ವಿದ್ಯುತ್ ಮಿನುಗು ಹಚ್ಚಿ ಆಕ್ಸಿಡೀಕರಿಸಬೇಕು. ಇಲ್ಲಿ ಕೈ ತಡೆದರೆ ಆಕ್ಸೈಡಿನಡಿ ಅರೆಬೆಂದ ಅಲ್ಯೂಮಿನಿಯಂ ಉಳಿದು, ಕಾಂತದಿಂದ ಹೊರಟ ಸ್ಪಿನ್ ಅಲ್ಲೇ ಗುರುತು ಕಳೆದುಕೊಳ್ಳುತ್ತದೆ. ಕೈ ಮುಂದೋಡಿದರೆ ಆಮ್ಲಜನಕ ಅಲ್ಯೂಮಿನಿಯಂ ದಾಟಿ ಕೋಬಾಲ್ಟಿಗೂ ತುಕ್ಕು ಹಿಡಿಸುತ್ತದೆ. ಕೋಬಾಲ್ಟ್ ಆಕ್ಸೈಡಿನ ಒಡಕು ಸ್ಪಿನ್‌ಗಳು ದಾಟುವ ಎಲೆಕ್ಟ್ರಾನನ್ನು ಬುಡಮೇಲು ಮಾಡುತ್ತವೆ. ಎರಡರ ನಡುವಿನ ಸರಿಯಾದ ಜಾಗ ಒಂದು ಪರಮಾಣು ಪದರದಷ್ಟು ಅಗಲ. ಅತಿವಾಹಕಗಳ ಜೋಡಿಗಳು ಇಂಥ ತಪ್ಪನ್ನು ಮನ್ನಿಸುತ್ತಿದ್ದವು. ಸ್ಪಿನ್ ಮನ್ನಿಸುವುದಿಲ್ಲ, ಅದಕ್ಕೆ ಲೋಹದ ಒಡಲು ಹೇಗಿದೆ ಎನ್ನುವುದಕ್ಕಿಂತ ಲೋಹದ ಕಡೆಯ ಪರಮಾಣು ಸಾಲು ಹೇಗಿದೆ ಎನ್ನುವುದೇ ಮುಖ್ಯ.

ಹೀಗೆ ಮಾಡಿದ ಅಲ್ಯೂಮಿನಿಯಂ ಆಕ್ಸೈಡು ಗಾಜಿನ ಜಾತಿಯದು, ಅದರೊಳಗೆ ಪರಮಾಣುಗಳಿಗೆ ಸಾಲು ಎಂಬುದಿಲ್ಲ. ಸಾಲಿರುವ ಆಕ್ಸೈಡನ್ನು ಇಟ್ಟರೆ? 2001ರಲ್ಲಿ ಅಮೆರಿಕದ ಬಟ್ಲರ್ ಮತ್ತು ಸಂಗಡಿಗರು, ಬ್ರಿಟನ್ನಿನ ಮೇಥನ್ ಮತ್ತು ಉಮೆರ್ಸ್ಕಿ ಬೇರೆಬೇರೆಯಾಗಿ ಲೆಕ್ಕ ಮಾಡಿ ಹೇಳಿದರು: ಕಬ್ಬಿಣದ ಹರಳು, ಮೆಗ್ನೀಸಿಯಂ ಆಕ್ಸೈಡಿನ ಹರಳು, ಮತ್ತೆ ಕಬ್ಬಿಣದ ಹರಳು, ಮೂರೂ ಸಾಲಿಗೆ ಸಾಲು ಕೂಡಿಕೊಂಡರೆ ರೋಧದ ಬದಲಾವಣೆ ಸಾವಿರ ಪ್ರತಿಶತ ದಾಟುತ್ತದೆ. ಮೆಗ್ನೀಸಿಯಂ ಆಕ್ಸೈಡಿನ ಹರಳು ಅಲೆಗಳನ್ನು ಅವುಗಳ ಆಕಾರ ನೋಡಿ ಬಿಡುತ್ತದೆ; ಅದು ಸಲೀಸಾಗಿ ಬಿಡುವ ಆಕಾರ ಕಬ್ಬಿಣದಲ್ಲಿ ಒಂದೇ ಸ್ಪಿನ್ನಿನವುಗಳಿಗೆ ಇದೆ. 2004ರಲ್ಲಿ ಐಬಿಎಂನ ಸ್ಟುವರ್ಟ್ ಪಾರ್ಕಿನ್ ಕೋಣೆಯ ಉಷ್ಣತೆಯಲ್ಲಿ 220 ಪ್ರತಿಶತ, ಜಪಾನಿನ ಯುವಾಸಾ 180 ಪ್ರತಿಶತ ಮುಟ್ಟಿದರು. ಲೆಕ್ಕದ ಸಾವಿರಕ್ಕೂ ಕೈಗೆ ಬಂದ ಇನ್ನೂರಕ್ಕೂ ನಡುವೆ ಏನಿತ್ತು? ಬಹುಪಾಲು ಗಡಿಯೇ. ಕಬ್ಬಿಣ ಮತ್ತು ಮೆಗ್ನೀಸಿಯಂ ಆಕ್ಸೈಡಿನ ಪರಮಾಣು ಅಂತರ ಪೂರ್ತಿ ಹೊಂದುವುದಿಲ್ಲ, ಅಲ್ಲಲ್ಲಿ ಒಂದು ಸಾಲು ತಪ್ಪಿಹೋಗುತ್ತದೆ. ಇನ್ನೊಂದು ತೊಂದರೆ, ಕಬ್ಬಿಣದ ಕೊನೆಯ ಸಾಲಿನೊಳಕ್ಕೆ ಆಮ್ಲಜನಕ ನುಗ್ಗಿಬಿಡುವುದು. ಅಂಥ ಒಂದೇ ಒಂದು ಸಾಲು ಕಬ್ಬಿಣದ ಆಕ್ಸೈಡು ಇದ್ದರೂ ಫಲ ಭಾರೀ ಕುಸಿಯುತ್ತದೆಂದು 2003ರಲ್ಲೇ ಲೆಕ್ಕ ಮಾಡಿ ತೋರಿಸಿದ್ದರು.

ಇಲ್ಲಿಂದ ಮುಂದಿನ ಕಥೆ ನನಗೆ ಬಹಳ ಇಷ್ಟ, ಏಕೆಂದರೆ ಶಿಸ್ತು ಬೇಕಾದಲ್ಲಿ ಮೊದಲು ಅಶಿಸ್ತನ್ನು ಕರೆಸಿಕೊಂಡ ಕಥೆ ಅದು. ಹರಳಿನ ಮೇಲೆ ಹರಳು ಬೆಳೆಸುವುದು ಕಾರ್ಖಾನೆಗೆ ದುಬಾರಿ. 2005ರಲ್ಲಿ ಜಪಾನಿನ ಅನೆಲ್ವಾ ಕಂಪನಿಯ ಜಯಪ್ರವೀರ ಮತ್ತು ಯುವಾಸಾ ಜೊತೆಗೂಡಿ, ಕೋಬಾಲ್ಟ್-ಕಬ್ಬಿಣಕ್ಕೆ ಬೋರಾನ್ ಬೆರೆಸಿದರು. ಬೋರಾನ್ ಬಿದ್ದರೆ ಆ ಲೋಹ ಹರಳಾಗುವುದಿಲ್ಲ, ಸಾಲುಗೀಲಿಲ್ಲದೆ ನುಣ್ಣಗೆ ಹರಡುತ್ತದೆ. ಆ ನುಣುಪಿನ ಮೇಲೆ ಮೆಗ್ನೀಸಿಯಂ ಆಕ್ಸೈಡು ತಾನಾಗಿಯೇ ಬೇಕಾದ ದಿಕ್ಕಿಗೆ ಹರಳುಗಟ್ಟಿತು. ಆಮೇಲೆ ಇಡೀ ಕಟ್ಟನ್ನು ಕಾಯಿಸಿದಾಗ ಬೋರಾನ್ ಜಾಗ ಬಿಟ್ಟಿತು, ಲೋಹ ಆಕ್ಸೈಡಿನ ಗಡಿಯಿಂದ ಶುರುಮಾಡಿ ಅದರ ಸಾಲನ್ನೇ ಅನುಸರಿಸಿ ಹರಳಾಯಿತು. ಫಲ 230 ಪ್ರತಿಶತ. 2008ರಲ್ಲಿ ತೊಹೊಕು ವಿಶ್ವವಿದ್ಯಾಲಯದ ಇಕೆದಾ ಮತ್ತು ಸಂಗಡಿಗರು ಇದೇ ದಾರಿಯಲ್ಲಿ 604 ಪ್ರತಿಶತ ತಲುಪಿದರು. ಹಾರ್ಡ್ ಡಿಸ್ಕಿನಲ್ಲಿ ದತ್ತಾಂಶ ಓದುವ ತಲೆಯಲ್ಲಿರುವುದು ಇಂಥದ್ದೇ ಜಂಕ್ಷನ್ನು. ಹಾಗೆಂದು ಗಡಿಯಲ್ಲಿ ಆಮ್ಲಜನಕ ಇರಲೇಬಾರದು ಎಂದಲ್ಲ. 2010ರಲ್ಲಿ ಅದೇ ತೊಹೊಕು ಗುಂಪು ಕಾಂತದ ಪದರವನ್ನು 1.3 ನ್ಯಾನೋಮೀಟರಿಗೆ ಇಳಿಸಿದಾಗ, ಕಾಂತತೆ ಮಲಗುವ ಬದಲು ನೆಟ್ಟಗೆ ನಿಂತಿತು. ಗಡಿಯಲ್ಲಿ ಕಬ್ಬಿಣಕ್ಕೂ ಆಮ್ಲಜನಕಕ್ಕೂ ಬೀಳುವ ಬಂಧವೇ ಅದನ್ನು ನಿಲ್ಲಿಸುವುದು. ಇವತ್ತಿನ ಕಾಂತೀಯ ಮೆಮೊರಿ ಚಿಪ್ಪುಗಳು ಈ ಗುಣವನ್ನೇ ನೆಚ್ಚಿವೆ. ಆಮ್ಲಜನಕ ಗಡಿಯನ್ನು ಮುಟ್ಟಿ ನಿಲ್ಲಬೇಕು, ಒಳಗೆ ಹೆಜ್ಜೆಯಿಡಬಾರದು.

ಲೋಹ ಬಿಟ್ಟು ಮೂರೂ ಪದರಗಳನ್ನು ಆಕ್ಸೈಡಿನಿಂದಲೇ ಮಾಡಿದರೆ ಪಾಡು ಇನ್ನೂ ಕಷ್ಟ. 1987ರಲ್ಲಿ 92 ಕೆಲ್ವಿನ್ನಿಗೇ ಅತಿವಾಹಕವಾಗುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡು ಬಂದಾಗ ಬೆಂಗಳೂರಿನ ಲ್ಯಾಬುಗಳಲ್ಲೂ ಒಲೆಗಳು ಹಗಲಿರುಳು ಉರಿದವು. ಕಪ್ಪು ಬಿಲ್ಲೆ ಕಾಂತದ ಮೇಲೆ ತೇಲುವುದನ್ನು ನೋಡಲು ಜನ ಬರುತ್ತಿದ್ದರು. ತೇಲಿಸುವುದು ಸುಲಭ, ಜಂಕ್ಷನ್ ಮಾಡುವುದಲ್ಲ. ಈ ವಸ್ತುವಿನಲ್ಲಿ ಎಲೆಕ್ಟ್ರಾನ್ ಜೋಡಿಯ ಹರವು ಪದರದ ಉದ್ದಕ್ಕೆ ಒಂದೂವರೆ ನ್ಯಾನೋಮೀಟರ್ ಆಸುಪಾಸು, ಪದರಕ್ಕೆ ಅಡ್ಡಲಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಗಡಿಯಲ್ಲಿ ಆಮ್ಲಜನಕ ಒಂದು ಸಾಲು ತಪ್ಪಿದರೆ ಜೋಡಿಗೆ ನಿಲ್ಲಲು ನೆಲವೇ ಇಲ್ಲ. ಖರಗ್‌ಪುರದ ಐಐಟಿಯಲ್ಲಿ ಓದಿದ ಪ್ರವೀಣ್ ಚೌಧರಿ ಐಬಿಎಂನಲ್ಲಿ ಡೈಮೋಸ್, ಮ್ಯಾನ್‌ಹಾರ್ಟ್, ಲೆಗೂಸ್ ಅವರೊಡನೆ 1988ರಲ್ಲಿ ತೋರಿಸಿದ್ದು: ಎರಡು ಹರಳುಗಳು ಕೂಡುವ ಕೋನ ತುಸು ತಪ್ಪಿದರೂ ಗಡಿ ದಾಟುವ ಅತಿವಾಹಕ ಕರೆಂಟು ಧಡಾರನೆ ಇಳಿಯುತ್ತದೆ. ಜೊತೆಗೆ ಇಲ್ಲಿನ ಜೋಡಿಗಳಿಗೆ ದಿಕ್ಕಿನ ಹಟವಿದೆ, ಒಂದು ದಿಕ್ಕಿನಲ್ಲಿ ಧನ, ಅದಕ್ಕೆ ಅಡ್ಡದಿಕ್ಕಿನಲ್ಲಿ ಋಣ. ಒರಟು ಗಡಿ ದಿಕ್ಕುಗಳನ್ನು ಬೆರೆಸಿದರೆ ಒಂದನ್ನೊಂದು ಕಳೆದುಹಾಕುತ್ತವೆ. ಆ್ಯಂಡರ್ಸನ್ ಬರೆದುಕೊಟ್ಟ 1959ರ ಮಾಫಿ ಇವಕ್ಕೆ ಅನ್ವಯಿಸದು.

ಕಾಂತೀಯ ಆಕ್ಸೈಡುಗಳದ್ದೂ ಇದೇ ಗೋಳು. ಲ್ಯಾಂಥನಂ-ಸ್ಟ್ರಾನ್ಷಿಯಂ-ಮ್ಯಾಂಗನೀಸ್ ಆಕ್ಸೈಡಿನ ಬಗ್ಗೆ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ಬಳಗ 1990ರ ದಶಕದಲ್ಲಿ ಬಹಳ ಕೆಲಸ ಮಾಡಿತು. ಮ್ಯಾಂಗನೀಸ್ ಆಕ್ಸೈಡುಗಳ ಬಗ್ಗೆ ರಾವ್ ಮತ್ತು ಫ್ರಾನ್ಸಿನ ರವೋ ಸಂಪಾದಿಸಿದ ಗ್ರಂಥ 1998ರಲ್ಲಿ ಬಂತು. ಈ ವಸ್ತುವಿನಲ್ಲಿ, ತೀರಾ ಚಳಿಯಲ್ಲಿ, ಓಡಾಡುವ ಎಲೆಕ್ಟ್ರಾನುಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ಪಿನ್ನಿನವು. 2003ರಲ್ಲಿ ಫ್ರಾನ್ಸಿನಲ್ಲಿ ಬೋವೆನ್ ಮತ್ತು ಸಂಗಡಿಗರು ಇಂಥ ಎರಡು ಪದರಗಳ ನಡುವೆ ಸ್ಟ್ರಾನ್ಷಿಯಂ ಟೈಟಾನೇಟ್ ಇಟ್ಟು 4 ಕೆಲ್ವಿನ್ನಿನಲ್ಲಿ 1800 ಪ್ರತಿಶತ ಮುಟ್ಟಿದರು. ಕೇಳಲು ಚೆಂದ. ಆದರೆ ವಸ್ತುವಿನ ಒಡಲು ಸುಮಾರು 360 ಕೆಲ್ವಿನ್ ತನಕ ಕಾಂತವಾಗಿಯೇ ಇರುತ್ತದೆ, ಜಂಕ್ಷನ್ನಿನ ಫಲ ಮಾತ್ರ ಅದಕ್ಕೆ ಬಹಳ ಮುಂಚೆ, 280ರ ಹೊತ್ತಿಗೆ, ಬತ್ತಿಹೋಗುತ್ತದೆ. ಕೋಣೆಯ ಉಷ್ಣತೆ 300. ಗಡಿಯ ಮ್ಯಾಂಗನೀಸಿಗೆ ಒಂದು ಪಕ್ಕದಲ್ಲಿ ತನ್ನವರಿಲ್ಲ, ಅದರ ಎಲೆಕ್ಟ್ರಾನ್ ಲೆಕ್ಕ ಏರುಪೇರಾಗುತ್ತದೆ, ಅಲ್ಲಿನ ಕಾಂತತೆ ಒಡಲಿಗಿಂತ ಮೊದಲೇ ಸೋಲುತ್ತದೆ. ಪರಮಾಣು ಸಾಲು ಕಣ್ಣಿಗೆ ಎಷ್ಟೇ ನೇರವಾಗಿ ಕಂಡರೂ ಈ ದೋಷ ಇದ್ದೇ ಇರಬಹುದು. 2004ರಲ್ಲಿ ಜಪಾನಿನ ಯಮಾದಾ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ ಇಲ್ಲದ ಮ್ಯಾಂಗನೀಸ್ ಆಕ್ಸೈಡಿನ ಎರಡೇ ಎರಡು ಸಾಲು ನಡುವೆ ತುರುಕಿ ಆ ಲೆಕ್ಕ ಸರಿದೂಗಿಸಿದಾಗ ಗಡಿಯ ಕಾಂತತೆ ಸುಧಾರಿಸಿತು.

ಕೊನೆಗೆ ಮತ್ತೆ ಅಲ್ಯೂಮಿನಿಯಂ ತುಕ್ಕಿಗೇ ಬರಬೇಕು, ಏಕೆಂದರೆ ಎಲ್ಲರೂ ಮಾತಾಡುವ ಕ್ವಾಂಟಮ್ ಕಂಪ್ಯೂಟರುಗಳಲ್ಲಿ ಹಲವು ನಿಂತಿರುವುದು ಅದರ ಮೇಲೆ. 2025ರ ಭೌತಶಾಸ್ತ್ರ ನೊಬೆಲ್ ಪಡೆದ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರು 1984–85ರಲ್ಲಿ ಬರ್ಕ್ಲಿಯಲ್ಲಿ ಪ್ರಯೋಗ ಮಾಡಿದ್ದು ಜೋಸೆಫ್ಸನ್ ಜಂಕ್ಷನ್ನಿನ ಮೇಲೆಯೇ. ಅಂಥ ಕಂಪ್ಯೂಟರಿನ ಮೂಲ ಘಟಕವಾದ ಅತಿವಾಹಕ ಕ್ಯೂಬಿಟ್ಟಿನ ಹೃದಯದಲ್ಲಿರುವುದು ಅಲ್ಯೂಮಿನಿಯಂ, ಅದರ ಆಕ್ಸೈಡು, ಮತ್ತೆ ಅಲ್ಯೂಮಿನಿಯಂ. ಮನ್ನಿಸುವ ಗುಣದ ಹಳೇ ಜಂಕ್ಷನ್ನು ತಾನೇ, ಇನ್ನೇನು ತೊಂದರೆ? ತೊಂದರೆ ಏನೆಂದರೆ, ಅದರಿಂದ ಕೇಳುತ್ತಿರುವುದು ಬದಲಾಯಿತು. ಮೊದಲು ಕರೆಂಟು ದಾಟಿದರೆ ಸಾಕಿತ್ತು. ಈಗ ಒಂದೇ ಒಂದು ಮೈಕ್ರೋವೇವ್ ಕಣದಷ್ಟು ಶಕ್ತಿಯನ್ನು ಸೋರದಂತೆ ಹಿಡಿದಿಡು ಎನ್ನುತ್ತೇವೆ.

2004ರಲ್ಲಿ ಅಮೆರಿಕದ ಬೋಲ್ಡರ್‌ನ ಮಾಪನ ಸಂಸ್ಥೆಯಲ್ಲಿ ಸಿಮಂಡ್ಸ್, ಮಾರ್ಟಿನಿಸ್ ಮತ್ತಿತರರು ಕ್ಯೂಬಿಟ್ಟಿನ ಕಂಪನಾಂಕವನ್ನು ನಿಧಾನ ಬದಲಾಯಿಸುತ್ತಾ ಹೋದಾಗ, ಕೆಲವು ನಿರ್ದಿಷ್ಟ ಜಾಗಗಳಲ್ಲಿ ಅದು ಯಾರಿಗೋ ಶಕ್ತಿ ಕೊಟ್ಟು ಬರಿಗೈಯಾಗುವುದು ಕಂಡಿತು. ಆ 'ಯಾರೋ' ಆಕ್ಸೈಡಿನೊಳಗೇ ಇದ್ದರು. ಸಾಲಿಲ್ಲದ ಆಕ್ಸೈಡಿನಲ್ಲಿ ಕೆಲವು ಪರಮಾಣುಗಳಿಗೆ ಕೂರಲು ಹತ್ತಿರ ಹತ್ತಿರ ಎರಡು ಜಾಗ ಇರುತ್ತವೆ. ಅಲ್ಲಿಂದಿಲ್ಲಿಗೆ ಹೊರಳುತ್ತಿರುತ್ತವೆ, ಅದೂ ಟನೆಲಿಂಗ್ ಮೂಲಕವೇ. ಎಲೆಕ್ಟ್ರಾನು ದಾಟಲೆಂದು ಇಟ್ಟ ಗೋಡೆಯಲ್ಲಿ ಇಟ್ಟಿಗೆಯೇ ಟನೆಲ್ ಮಾಡುತ್ತಿತ್ತು! ಹೊರಳುವ ವೇಗ ಕ್ಯೂಬಿಟ್ಟಿನ ಕಂಪನಾಂಕಕ್ಕೆ ಹೊಂದಿದರೆ ಶಕ್ತಿ ಅಲ್ಲಿಗೆ ಸೋರಿಹೋಗುತ್ತದೆ. ತೇವದಿಂದ ಆಕ್ಸೈಡಿಗೆ ಸೇರಿಕೊಳ್ಳುವ ಜಲಜನಕದ ಮೇಲೂ ಅನುಮಾನವಿದೆ. ಮಳೆಗಾಲದಲ್ಲಿ ಬೆಲ್ ಜಾರು ತೆರೆಯಲು ನಾನು ಮಾಡುತ್ತಿದ್ದ ತಕರಾರಿಗೆ ತಡವಾಗಿಯಾದರೂ ಒಂದು ಸಮರ್ಥನೆ ಸಿಕ್ಕಿತು.

ಗಾಜಿನಲ್ಲಿ ಇಂಥ ಹೊರಳುವ ಪರಮಾಣುಗಳಿವೆ ಎಂದು 1972ರಲ್ಲೇ ಹೇಳಿದ್ದವರು ಬ್ರಿಟನ್ನಿನ ಫಿಲಿಪ್ಸ್, ಮತ್ತು ಅವರಿಂದ ಬೇರೆಯಾಗಿ ಆ್ಯಂಡರ್ಸನ್, ಹಾಲ್ಪರಿನ್, ಚಂದ್ರ ವರ್ಮ. ತೀರಾ ಚಳಿಯಲ್ಲಿ ಗಾಜು ಹರಳಿಗಿಂತ ಹೆಚ್ಚು ಶಾಖ ಹಿಡಿದಿಟ್ಟುಕೊಳ್ಳುವುದೇಕೆ ಎಂಬ ಒಗಟು ಬಿಡಿಸಲು ಹೇಳಿದ್ದು ಅದು. ಆ್ಯಂಡರ್ಸನ್ ಅಂದರೆ ಅದೇ ಆ್ಯಂಡರ್ಸನ್. ಅತಿವಾಹಕದ ಕಸವನ್ನು ಖುಲಾಸೆ ಮಾಡಿದವರೇ ಹದಿಮೂರು ವರ್ಷದ ಮೇಲೆ ಆಕ್ಸೈಡಿನ ಮೇಲಿನ ಆರೋಪಪಟ್ಟಿಯನ್ನೂ ಬರೆದಿಟ್ಟಿದ್ದರು, ಕ್ಯೂಬಿಟ್ ಎಂಬುದು ಹುಟ್ಟುವ ಮೊದಲೇ. 2006ರಲ್ಲಿ ಬೋಲ್ಡರ್ ಗುಂಪು ಗಾಜುಜಾತಿಯ ಆಕ್ಸೈಡಿನ ಬದಲು ಹರಳು ಬೆಳೆಸಿ ನೋಡಿತು. ದೋಷಗಳು ಸುಮಾರು 80 ಪ್ರತಿಶತ ಕಡಿಮೆಯಾದವು. ಉಳಿದ 20 ಎಲ್ಲಿಂದ ಎಂದರೆ, ಅವರ ಊಹೆ: ಹರಳು ಲೋಹವನ್ನು ಮುಟ್ಟುವ ಗಡಿಯಿಂದ. 2012ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯವರು ಚಿಪ್ಪನ್ನು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಬಾಗಿಸಿ, ಒಂದೊಂದೇ ಹೊರಳುವ ದೋಷದ ಕಂಪನಾಂಕ ಸರಿಯುವುದನ್ನು ಕ್ಯೂಬಿಟ್ ಮೂಲಕವೇ ನೋಡಿದರು.

ಸದ್ಯಕ್ಕೆ ಹೆಚ್ಚಿನವರು ಮಾಡುವುದು ಜಂಕ್ಷನ್ನನ್ನೇ ಚಿಕ್ಕದು ಮಾಡುವುದು. ಅದರ ಬದಿ ಮೈಕ್ರೋಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟೇ ಇದ್ದರೆ ಕೆಟ್ಟ ಪರಮಾಣು ಸಿಕ್ಕಿಕೊಳ್ಳುವ ಸಂಭವವೂ ಕಡಿಮೆ. ಆದರೆ ಚಿಕ್ಕದಾದಷ್ಟೂ ಒಂದು ಇನ್ನೊಂದರಂತಿರುವುದಿಲ್ಲ. ಅಕ್ಕಪಕ್ಕದ ಕ್ಯೂಬಿಟ್ಟುಗಳ ಕಂಪನಾಂಕ ಡಿಕ್ಕಿ ಹೊಡೆದರೆ ಚಿಪ್ಪು ಕೆಟ್ಟಂತೆ. ಐಬಿಎಂನವರು 2021ರಲ್ಲಿ ಪ್ರಕಟಿಸಿದ ಉಪಾಯದಲ್ಲಿ, ತಯಾರಾದ ಜಂಕ್ಷನ್ನಿನ ರೋಧವನ್ನು ಕೋಣೆಯ ಉಷ್ಣತೆಯಲ್ಲೇ ಅಳೆದು, 1963ರ ಅಂಬೇಗಾಂವ್ಕರ್ ಸೂತ್ರದಿಂದ ಕಂಪನಾಂಕ ಅಂದಾಜು ಮಾಡಿ, ತಪ್ಪಿದ್ದನ್ನು ಲೇಸರಿನಿಂದ ಒಂದೊಂದಾಗಿ ಕಾಯಿಸಿ ರೋಧವನ್ನು ಬೇಕಾದಷ್ಟಕ್ಕೆ ಏರಿಸುತ್ತಾರೆ. ಜಾಣ ಉಪಾಯ, ಒಪ್ಪುತ್ತೇನೆ. ಆದರೆ ಲೇಸರು ತಿದ್ದಿ ಒಪ್ಪಿಸುವುದು ನಮ್ಮ ಕ್ವಾರ್ಟ್ಜ್ ಮಾನಿಟರಿನ ಹಾಗೆ ಒಟ್ಟು ಮೊತ್ತವನ್ನು. ಯಾವ ಮೂಲೆಯಲ್ಲಿ ಯಾವ ಪರಮಾಣು ಹೊರಳುತ್ತಿದೆ ಎಂಬ ಲೆಕ್ಕ ಅದರ ಕೈಗೆ ಸಿಗದು.

2023ರಲ್ಲಿ ನಮ್ಮ ಸರ್ಕಾರ ಆರು ಸಾವಿರ ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಾಗ, ಹಳೇ ವಿದ್ಯಾರ್ಥಿಯೊಬ್ಬ ಫೋನು ಮಾಡಿ, "ಮೇಡಂ, ಹೊಸ ಲ್ಯಾಬಿಗೆ ಏನೇನು ಬೇಕು, ನಿಮ್ಮ ಕಡೆಯಿಂದ ಒಂದು ಪಟ್ಟಿ ಕೊಡಿ" ಎಂದ. ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದೇ ಬಾಬ್ತು. ಅಲ್ಯೂಮಿನಿಯಂ ಬಿಟ್ಟು ಬೇರೇನನ್ನೂ ಯಾವತ್ತೂ ಹಾಕದ ಒಂದು ನಿರ್ವಾತ ಪಾತ್ರೆ. ಬೆಳಿಗ್ಗೆ ಕಬ್ಬಿಣ, ಮಧ್ಯಾಹ್ನ ಅಲ್ಯೂಮಿನಿಯಂ ಎಂದು ಪಾಳಿಯಲ್ಲಿ ನಡೆಸುವ ಪಾತ್ರೆಯಲ್ಲಿ ಕಬ್ಬಿಣ ಗೋಡೆಗೆ ಅಂಟಿಕೊಂಡಿರುತ್ತದೆ, ಎಷ್ಟು ತೊಳೆದರೂ. "ಒಂದಕ್ಕೇ ಒಂದು ಮಷಿನ್ ಅಂದರೆ ಖರೀದಿ ಸಮಿತಿ ಒಪ್ಪಲ್ಲ ಮೇಡಂ" ಎಂದ. ಸಮಿತಿಗೆ ಏನು ಬರೆಯಬೇಕೆಂದು ಹೇಳಿಕೊಟ್ಟಿದ್ದೇನೆ.